ಬೂದಿದಿಬ್ಬದೊಳಗಣ ಗೊರಸಿನ ಗುರುತು



ಬೀದರಿನ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಬಹಮನಿ ಸುಲ್ತಾನರ ಕೋಟೆಗೂ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾಕ್ಕೂ ಓಡುತ್ತದೆ. ಮೈಲೂರಿನಲ್ಲಿ ವಾಸಿಸುವವರಿಗಂತೂ ಇವು ದಿನನಿತ್ಯದ ನೋಟಗಳು. ಆದರೆ ಗವಾನನ ಕಾಲಕ್ಕಿಂತ ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನ ಸ್ಮಾರಕಗಳು ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ಇವೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಅವುಗಳಿಗೆ ಕಮಾನಿಲ್ಲ, ಮಿನಾರಿಲ್ಲ, ಶಾಸನವೂ ಇಲ್ಲ. ಅವು ಬರಿಯ ಬೂದಿಯ ದಿಬ್ಬಗಳು.

ಮೈಲೂರಿನಿಂದ ಹೊರಟು ಕಲಬುರಗಿಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ ಸೀಮೆ ಸಿಗುತ್ತದೆ. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಈ ಸೀಮೆಯ ಕೊಡೇಕಲ್ ಹಾಗೂ ಬೂದಿಹಾಳಗಳಲ್ಲಿ ಇಂತಹ ದಿಬ್ಬಗಳಿವೆ. ಬೂದಿಹಾಳ ಎಂಬ ಹೆಸರನ್ನೇ ಒಮ್ಮೆ ಉಚ್ಚರಿಸಿ ನೋಡಿರಿ. ಅಲ್ಲಿಂದ ತೆಂಕಣಕ್ಕೆ ರಾಯಚೂರು, ಬಳ್ಳಾರಿಗಳವರೆಗೆ, ಆಂಧ್ರ ಮತ್ತು ತೆಲಂಗಾಣಗಳ ಗಡಿ ಪ್ರದೇಶಗಳನ್ನೂ ಒಳಗೊಂಡು, ಇಂತಹ ನೂರಕ್ಕೂ ಹೆಚ್ಚು ನೆಲೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿನ ಕುಡತಿನಿಯ ದಿಬ್ಬವು ಅವುಗಳಲ್ಲಿ ಹೆಸರಾದದ್ದು.

ಕುಡತಿನಿಯ ದಿಬ್ಬ ಯಾವುದರ ಬೂದಿ? ಸುತ್ತಣ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದ ಉತ್ತರ ಇದು: ಭೀಮಸೇನನು ಹಿಡಿಂಬಾಸುರನನ್ನು ಕೊಂದು ಸುಟ್ಟನು, ಅವನ ದೇಹದ ಬೂದಿಯೇ ಈ ಗುಡ್ಡೆ. ಈ ಮಾತಿಗೆ ನಾವು ನಗುವ ಮೊದಲು ಪಂಡಿತರು ಏನೆಂದರೆಂಬುದನ್ನೂ ಕೇಳಬೇಕು. ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಬರೆದ ಟಿಪ್ಪಣಿಯ ಶೀರ್ಷಿಕೆಯಲ್ಲಿಯೇ ಇದನ್ನು ಜ್ವಾಲಾಮುಖಿಯ ಕಿಟ್ಟವೆಂದು ಕರೆದರು. ಬಳಿಕ ಹೆಚ್ಚಿನ ಶೋಧನೆ ನಡೆಸಿ, 1843ರ ಲೇಖನದಲ್ಲಿ ಇವು ಮನುಷ್ಯರಿಂದಾದ ಪ್ರಾಚೀನ ದಿಬ್ಬಗಳೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. (ಹಾಗೆ ತಿದ್ದಿಕೊಳ್ಳುವ ವಿದ್ವಾಂಸರ ಬಗ್ಗೆ ನನಗೆ ಗೌರವ ಹೆಚ್ಚು.) ಕಬ್ಬಿಣ ಕರಗಿಸಿದ ಕುಲುಮೆಗಳ ಕಸವೆಂದು ಮತ್ತೆ ಕೆಲವರು ವಾದಿಸಿದರು. ವಿಜಯನಗರದ ಕಾಲದ ಸಾಮೂಹಿಕ ದಹನಗಳ ಅವಶೇಷವಿರಬಹುದೆಂಬ ಊಹೆಯೂ ಹುಟ್ಟಿತು. ರಕ್ಕಸನ ಕಥೆಗಿಂತ ಇವು ಬಹಳ ದೂರವೇನೂ ಇರಲಿಲ್ಲ.

ನಿಜವಾದ ಉತ್ತರವನ್ನು ಹೇಳಿದವರು ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಅಡಿಗಲ್ಲನ್ನಿಟ್ಟವರು ಇವರೇ. ಬೂದಿದಿಬ್ಬಗಳ ಆಸುಪಾಸಿನಲ್ಲಿ ನುಣುಪುಗೊಳಿಸಿದ ಕಲ್ಲಿನ ಕೊಡಲಿಗಳೂ ಹಳೆಯ ಮಡಕೆಯ ಚೂರುಗಳೂ ಸಿಗುವುದನ್ನು ಅವರು ಕಂಡರು. ಇವು ನವಶಿಲಾಯುಗದ ಜನರ ದನದ ದೊಡ್ಡಿಗಳು, ಸುಟ್ಟದ್ದು ಸಗಣಿ ಎಂದು ಅವರು ತೀರ್ಮಾನಿಸಿದರು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಜೋಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದ ಮೇಲೆ ಈ ವಿಷಯದಲ್ಲಿ ಸಂಶಯ ಉಳಿಯಲಿಲ್ಲ.

ಸಗಣಿ! ನಮ್ಮ ತಾಯಂದಿರು ಅಂಗಳ ಸಾರಿಸಿದ, ಗೋಡೆಗೆ ಕುಳ್ಳು ತಟ್ಟಿದ ಅದೇ ವಸ್ತು. ಔರಾದ್, ಭಾಲ್ಕಿಗಳ ಹಳ್ಳಿಗಳಲ್ಲಿ ಬೆಳೆದ ಯಾವ ಮಗುವನ್ನು ಕೇಳಿದರೂ ಕುಳ್ಳಿನ ಬೂದಿ ಹೇಗಿರುತ್ತದೆಂದು ಹೇಳುತ್ತದೆ. ಆದರೆ ಒಲೆಯ ಬೂದಿಗೂ ಈ ದಿಬ್ಬಗಳಿಗೂ ಒಂದು ಅಂತರವಿದೆ. ಇಲ್ಲಿ ಕೆಲವು ಪದರುಗಳು ಎಷ್ಟು ತೀವ್ರವಾದ ಬೆಂಕಿಗೆ ಸಿಕ್ಕಿವೆಯೆಂದರೆ, ಬೂದಿಯೇ ಗಾಜಿನಂತೆ ಕರಗಿ, ಮತ್ತೆ ಗಟ್ಟಿಯಾಗಿ, ಕಲ್ಲಿನಂತಾಗಿದೆ. ಮೇಲೊಂದು ಕೆಳಗೊಂದು ಪದರು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಉರಿದ ಬೆಂಕಿ.

ಏಕೆ ಸುಟ್ಟರು? ಈ ಪ್ರಶ್ನೆಗೆ ನೆಲದಿಂದಲೇ ಉತ್ತರ ಹುಡುಕಿದವರು ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್. ಅವರು 1957ರಲ್ಲಿ, ಇಂದು ತೆಲಂಗಾಣದಲ್ಲಿರುವ ಮೆಹಬೂಬನಗರ ಸೀಮೆಯ ಉಟ್ನೂರಿನಲ್ಲಿ ಉತ್ಖನನ ಮಾಡಿದರು. ದಿಬ್ಬದ ಅಡಿಯಲ್ಲಿ ದಪ್ಪ ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು ಮಾಡಿದ ಬೇಲಿಯ ಗುಣಿಗಳು ಸಿಕ್ಕವು. ಒಳಗೆ ದನಗಳನ್ನು ಕೂಡುತ್ತಿದ್ದರು. ಸಗಣಿ ರಾಶಿಯಾದ ಮೇಲೆ ಬೆಂಕಿ. ಬೇಲಿಯೂ ಅದರೊಡನೆ ಸುಟ್ಟುಹೋಗುತ್ತಿತ್ತು. ಅನಂತರ ಮತ್ತೆ ಹೊಸ ಬೇಲಿ, ಮತ್ತೆ ದನಗಳು, ಮತ್ತೆ ಬೆಂಕಿ. ಇದು ಆಕಸ್ಮಿಕವಾಗಿರಲಾರದು, ಶತ್ರುಗಳ ದಾಳಿಯಿಂದಲೇ ಪ್ರತಿ ಸಲವೂ ಆಗಿರಲಾರದು ಎಂದು ಆಲ್ಚಿನ್ನರಿಗೆ ತೋರಿತು. 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ನಮ್ಮ ದೇಶದ ದನಕರುಗಳ ಹಬ್ಬಗಳತ್ತ, ಋತುವಿನ ತಿರುವಿನಲ್ಲಿ ಹಚ್ಚುವ ಬೆಂಕಿಗಳತ್ತ ಬೆರಳು ತೋರಿದರು. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಎತ್ತುಗಳನ್ನು ಕಿಚ್ಚು ಹಾಯಿಸುವುದನ್ನು ನೀವು ಕಂಡಿರಬಹುದು, ಇಲ್ಲವೆ ಕೇಳಿರಬಹುದು. ನಾಲ್ಕು ಸಾವಿರ ವರ್ಷಗಳ ಹಿಂದಿನ ಬೆಂಕಿಗೂ ಈ ಕಿಚ್ಚಿಗೂ ನೇರವಾದ ನಂಟನ್ನು ಯಾರೂ ರುಜುವಾತು ಮಾಡಲಾರರು. ಆದರೂ ದನವೇ ಐಶ್ವರ್ಯವಾಗಿದ್ದ ಜನ ತಮ್ಮ ಐಶ್ವರ್ಯದ ಕ್ಷೇಮಕ್ಕಾಗಿ ಬೆಂಕಿಯ ಮುಂದೆ ಕೂಡುತ್ತಿದ್ದರೆಂಬ ವಿಚಾರ ನನಗೆ ಅಸಹಜವೆನಿಸುವುದಿಲ್ಲ. ಪವಿತ್ರ ಗ್ರಂಥದ ಸಂಖ್ಯಾಕಾಂಡದ 19ನೆಯ ಅಧ್ಯಾಯವನ್ನು ತೆರೆದರೆ, ಕೆಂದಾಕಳನ್ನು ಸಗಣಿ ಸಮೇತ ಪಾಳೆಯದ ಹೊರಗೆ ಸುಟ್ಟು, ಅದರ ಬೂದಿಯನ್ನು ಶುದ್ಧೀಕರಣಕ್ಕಾಗಿ ಕಾದಿರಿಸುವ ವಿಧಿಯನ್ನು ನೀವೇ ಓದಬಹುದು. ಪಶುಪಾಲಕ ಜನರಿಗೆ ಬೂದಿ ಕಸವಾಗಿರಲಿಲ್ಲ ಎಂಬುದಕ್ಕಷ್ಟೇ ಇದನ್ನು ನೆನಪಿಸಿದೆ. ಎರಡನ್ನೂ ಒಂದೇ ಎಂದು ಕಲಸುವುದು ಸರಿಯಲ್ಲ.

ಎಲ್ಲರೂ ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿಯೇ ಕೊಡೇಕಲ್ಲನ್ನು ಅಗೆದು ನೋಡಿದ್ದರು. ಮುಂದೆ 1989ರಿಂದ ಹಲವು ವರ್ಷ ಬೂದಿಹಾಳದಲ್ಲಿ ವಿಸ್ತಾರವಾದ ಉತ್ಖನನ ಕೈಗೊಂಡರು. ಅಲ್ಲಿ ದಿಬ್ಬದ ಪಕ್ಕದಲ್ಲಿಯೇ ಊರು ಇತ್ತು. ವಾಸದ ನೆಲಗಳು, ಕಲ್ಲಿನ ಉಪಕರಣ ಮಾಡುವ ಕಮ್ಮಟ, ದನಗಳನ್ನು ಕಡಿದು ಮಾಂಸ ಹಂಚುತ್ತಿದ್ದ ವಿಶಾಲವಾದ ನೆಲಗಟ್ಟು, ಎಲುಬುಗಳ ರಾಶಿ ಇವೆಲ್ಲ ಹೊರಬಂದವು. ಮನೆಗಳ ನಡುವೆ, ಮಡಕೆಗಳಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಅಸ್ಥಿಗಳೂ ಇದ್ದವು. ಸತ್ತ ಕೂಸನ್ನು ಊರಾಚೆ ಒಯ್ಯಲು ಮನಸ್ಸಾಗದ ತಾಯಿ ಅಂದೂ ಇದ್ದಳೆಂದು ಓದುವಾಗ ನನಗನ್ನಿಸಿತು. ಇದು ಪುರಾತತ್ವದ ಮಾತಲ್ಲ, ನನ್ನ ಮಾತು. ಪದ್ದಯ್ಯನವರು ಒತ್ತಿ ಹೇಳಿದ್ದು ಇಷ್ಟು: ದಿಬ್ಬವೆಂಬುದು ಕಾಡಿನ ನಡುವಣ ಒಂಟಿ ದೊಡ್ಡಿಯಾಗಿರಲಿಲ್ಲ, ಬದುಕಿ ಬಾಳುತ್ತಿದ್ದ ಊರಿನ ಅಂಗವಾಗಿತ್ತು. ಸಗಣಿಯನ್ನು ಒಂದೆಡೆ ಕೂಡಿಹಾಕಿ ಸುಟ್ಟದ್ದರಲ್ಲಿ ನೈರ್ಮಲ್ಯದ ವಿವೇಕವೂ ಇದ್ದಿರಬೇಕು.

2004ರಲ್ಲಿ ಪೀಟರ್ ಜೋಹಾನ್ಸನ್ ಎಂಬ ವಿದ್ವಾಂಸರು ಚರ್ಚೆಯನ್ನು ಮತ್ತೊಂದು ಕಡೆಗೆ ತಿರುಗಿಸಿದರು. ಬಯಲಿನಲ್ಲಿ ದೂರದಿಂದಲೇ ಕಾಣುವಂತೆ, ತಲೆಮಾರಿನಿಂದ ತಲೆಮಾರಿಗೆ ಬೆಳೆಸಿಕೊಂಡು ಬಂದ ಈ ದಿಬ್ಬಗಳು ಬೇಕೆಂದೇ ಕಟ್ಟಿದ ಸ್ಮಾರಕಗಳು, ಆಚರಣೆಯ ತಾಣಗಳು ಎಂಬುದು ಅವರ ವಾದ. ಹಾಗಾದರೆ ದಕ್ಷಿಣ ಭಾರತದ ಮೊತ್ತಮೊದಲ ಮಹಾನಿರ್ಮಾಣಗಳು ಕಲ್ಲಿನವಲ್ಲ, ಸಗಣಿಯವು. ನೈರ್ಮಲ್ಯ ಮತ್ತು ಆಚರಣೆ ಒಂದನ್ನೊಂದು ಹೊರಗಿಡಬೇಕಿಲ್ಲವೆಂದು ನನ್ನ ಎಣಿಕೆ. ನಮ್ಮ ಮನೆಗಳಲ್ಲಿಯೂ ಹಬ್ಬಕ್ಕೆ ಮುನ್ನ ಸುಣ್ಣ ಬಳಿಯುವುದಿಲ್ಲವೇ?

ಈ ಚರ್ಚೆ ಮುಗಿದಿಲ್ಲ. ಆದರೆ ಚರ್ಚಿಸಲು ಬೇಕಾದ ದಿಬ್ಬಗಳೇ ಕರಗುತ್ತಿವೆ. ಬೂದಿ ಹೊಲಕ್ಕೆ ಒಳ್ಳೆಯದೆಂದು ರೈತರು ಹೊತ್ತೊಯ್ದಿದ್ದಾರೆ. ಮೊದಲು ಬಂಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ. ಕೆಲವೆಡೆ ರಸ್ತೆ, ಕೆಲವೆಡೆ ಕಲ್ಲುಗಣಿ. ಬಡ ರೈತನನ್ನು ಇದಕ್ಕಾಗಿ ಬೈಯಲು ನನಗೆ ಬಾಯಿ ಬಾರದು. ಅದು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಶಾಲೆಯ ಪಾಠದಲ್ಲಿ ಹರಪ್ಪ ಬಂತು, ಮೊಹೆಂಜೊದಾರೊ ಬಂತು. ಅವುಗಳ ಸಮಕಾಲೀನವಾದ, ಅವನ ಹೊಲದ ಬದುವಿನಲ್ಲೇ ಇದ್ದ ದಿಬ್ಬ ಬರಲಿಲ್ಲ. ಸುರಪುರ, ಹುಣಸಗಿಗಳ ಕಡೆ ನಿಮಗೆ ಬಂಧುಗಳಿದ್ದರೆ, ಮುಂದಿನ ಸಲ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಕೈಯಿಂದ ಮುಟ್ಟಿ ನೋಡಲಿ. ಹೊತ್ತು ತರುವುದು ಬೇಡ.

ಉಟ್ನೂರಿನ ಅಗೆತದಲ್ಲಿ ಸಿಕ್ಕ ಒಂದು ಸಂಗತಿಯನ್ನು ಹೇಳದೆ ಉಳಿಸಿಕೊಂಡಿದ್ದೆ. ಬೂದಿಯ ಪದರುಗಳ ನಡುವೆ ದನಗಳ ಗೊರಸಿನ ಗುರುತುಗಳಿದ್ದವು. ಬೆಂಕಿ ಆರಿದ ಮೇಲೆ ಯಾರೋ ದೊಡ್ಡಿಯ ಬಾಯಿ ತೆರೆದು, ಅವುಗಳನ್ನು ಅದೇ ನೆಲಕ್ಕೆ ಮತ್ತೆ ಅಟ್ಟಿಕೊಂಡು ಬಂದಿದ್ದರು.