ಗರಡಿ ಮತ್ತು ಕಳರಿ: ಮೀನಾಕ್ಷಿ ಗುರುಕ್ಕಳ್ ಅವರ ವಿದ್ಯಾಪಥದ ಚಾರಿತ್ರಿಕ ಹಿನ್ನೆಲೆ

ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನು ತುಳುನಾಡಿನ ತೆಂಕಣ ಎಲ್ಲೆಯೆಂದು ಗುರುತಿಸುವ ರೂಢಿ ಹಳೆಯದು. ಆ ಹೊಳೆಯ ಬಡಗಣ ಸೀಮೆಯಲ್ಲಿ ಆಯುಧವಿದ್ಯೆಯ ನೆಲೆಗೆ ಗರಡಿ ಎಂಬ ಹೆಸರಿದ್ದರೆ, ತೆಂಕಣ ಮಲಬಾರಿನಲ್ಲಿ ಅದು ಕಳರಿ. ಒಂದು ಕಾಲಕ್ಕೆ ಎರಡೂ ಹೆಸರುಗಳು ಒಂದೇ ಬಗೆಯ ಸಂಸ್ಥೆಯನ್ನು ಸೂಚಿಸುತ್ತಿದ್ದವು. ಇಂದು ಹಾಗಿಲ್ಲ. ತುಳುನಾಡಿನಲ್ಲಿ ಗರಡಿ ಎಂದೊಡನೆ ನೆನಪಾಗುವುದು ಕೋಟಿ-ಚೆನ್ನಯರ ಆರಾಧನೆಯ ಸ್ಥಾನ; ಮಲಬಾರಿನಲ್ಲಿ ಕಳರಿ ಎಂದರೆ ಮಕ್ಕಳು ಮೈಗೆ ಎಣ್ಣೆ ಹಚ್ಚಿಕೊಂಡು ಅಭ್ಯಾಸಕ್ಕಿಳಿಯುವ ಶಾಲೆ. ಒಂದೇ ಕರಾವಳಿಯ ಈ ಎರಡು ನೆಲೆಗಳು ಬೇರೆ ಬೇರೆ ದಾರಿ ಹಿಡಿದುದು ಹೇಗೆ? ವಡಗರದ ಮೀನಾಕ್ಷಿ ಗುರುಕ್ಕಳ್ ಅವರು ಕಲಿತ ಮತ್ತು ಕಲಿಸಿದ ಬಗೆಯನ್ನು ಹಿಡಿದು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ಸಂಬಂಧವನ್ನು ನೋಡಬಹುದು. ಸಂಸ್ಕೃತದ ‘ಖಲೂರಿಕಾ’, ಅಂದರೆ ಆಯುಧಾಭ್ಯಾಸದ ಅಂಗಳ ಎಂಬ ಪದದೊಂದಿಗೆ ಕನ್ನಡದ ಗರಡಿಯನ್ನೂ ತಮಿಳು-ಮಲಯಾಳಗಳ ಕಳರಿಯನ್ನೂ ಭಾಷಾವಿದ್ವಾಂಸರು ಜೋಡಿಸಿದ್ದಾರೆ. ಕಳರಿಯ ಶಿಕ್ಷಣಕ್ರಮದ ನಾಲ್ಕು ಹಂತಗಳ ಹೆಸರುಗಳಂತೂ ಕನ್ನಡ ಬಲ್ಲವರಿಗೆ ಅರ್ಥ ಹೇಳಿಕೊಡಬೇಕಾದವಲ್ಲ. ಮೆಯ್ತಾರಿ ಮೈಯ ಅಭ್ಯಾಸ, ಕೋಲ್ತಾರಿ ಕೋಲಿನ ಅಭ್ಯಾಸ, ಅಂಕತ್ತಾರಿ ಕತ್ತಿ, ಗುರಾಣಿ ಮೊದಲಾದ ಲೋಹದ ಆಯುಧಗಳದು, ವೆರುಂಕೈ ಬರಿಗೈಯದು. ಗುರು ಬಾಯಲ್ಲಿ ಹೇಳುವ ಸೂಚನೆಗಳ ಸರಣಿಗೆ ವಾಯ್ತಾರಿ ಎಂದು ಹೆಸರು. ವಾಯ್-ಬಾಯಿ, ವೆರುಂ-ಬರಿ ಎಂಬ ಜೋಡಿಗಳಲ್ಲಿ ಕಾಣುವುದು ಕನ್ನಡಕ್ಕೆ ಸಹಜವಾದ ವಕಾರ-ಬಕಾರ ವ್ಯತ್ಯಾಸವೇ. ಇನ್ನು ‘ಅಂಕ’ ಎಂಬ ಪದಕ್ಕೆ ಎರಡೂ ಕಡೆ ದೀರ್ಘ ಇತಿಹಾಸವಿದೆ. ದ್ವಂದ್ವಯುದ್ಧದ ವೀರನನ್ನು ಹಳಗನ್ನಡ ‘ಅಂಕಕಾರ’ನೆಂದು ಕರೆಯಿತು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದೊಂದಿಗೆ ಅಂಕವಿನೋದಕ್ಕೂ ಎಡೆಯಿದೆ. ಮಲಬಾರಿನಲ್ಲಿ ಎರಡು ಮನೆತನಗಳ ವ್ಯಾಜ್ಯವನ್ನು ತೀರಿಸಲು ಬಾಡಿಗೆಯ ವೀರರು ಹೋರಾಡುತ್ತಿದ್ದ ದ್ವಂದ್ವಕ್ಕೆ ಅಂಕವೆಂದೇ ಹೆಸರು. ತುಳುನಾಡಿನಲ್ಲಿ ಆ ಪದ ಈಗ ಕೋಳಿಅಂಕದಲ್ಲಿ ಬಳಕೆಯಲ್ಲಿ ಉಳಿದಿದೆ.

ಪದಸಾಮ್ಯ ಮಾತ್ರದಿಂದ ಚರಿತ್ರೆಯನ್ನು ಕಟ್ಟಲಾಗದು. ಆದರೆ ಮೌಖಿಕ ಪರಂಪರೆಯೂ ಅದೇ ದಿಕ್ಕಿಗೆ ಬೆರಳು ತೋರುತ್ತದೆ. ಉತ್ತರ ಮಲಬಾರಿನ ವೀರಗೀತೆಗಳಾದ ವಡಕ್ಕನ್ ಪಾಟ್ಟುಗಳಲ್ಲಿ ಹೆಚ್ಚಿನ ವಿದ್ಯೆಗಾಗಿ ತುಳುನಾಡಿಗೆ ಹೋಗಿಬರುವ ಪ್ರಸಂಗಗಳಿವೆ. ‘ತುಳುನಾಡನ್’ ಎಂಬ ವಿಶೇಷಣಕ್ಕೆ ಅಲ್ಲಿ ಉನ್ನತ ತರಬೇತಿಯ ಮುದ್ರೆಯ ಬೆಲೆಯಿದೆ. ಆ ಗೀತೆಗಳ ಆರೋಮಲ್ ಚೇಕವರ್, ಉಣ್ಣಿಯಾರ್ಚೆಯರು ತೀಯ ಸಮುದಾಯದವರು. ತುಳು ಪಾಡ್ದನಗಳ ಕೋಟಿ-ಚೆನ್ನಯರು ಬಿಲ್ಲವರು. ಆರೋಮಲನ ಕೈಯಲ್ಲಿ ಚುರಿಕೆ, ಕೋಟಿ-ಚೆನ್ನಯರ ಕೈಯಲ್ಲಿ ಸುರಿಯ. ಕನ್ನಡದ ‘ಸುರಗಿ’ ಇವೆರಡರ ಬಂಧು. ಈ ಎರಡು ಸಮುದಾಯಗಳ ನೆಂಟಸ್ತಿಕೆ ಆಧುನಿಕ ಕಾಲದಲ್ಲಿಯೂ ಮುಂದುವರಿಯಿತು. ತಲಶ್ಶೇರಿಯಲ್ಲಿ 1908ರಲ್ಲಿ ಜಗನ್ನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳೇ 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನೂ ಪ್ರತಿಷ್ಠಾಪಿಸಿದರು.

ಕಳರಿಯ ಶಿಕ್ಷಣ ಒಮ್ಮೆ ಎಷ್ಟು ವ್ಯವಸ್ಥಿತವಾಗಿತ್ತೆಂಬುದಕ್ಕೆ 16ನೆಯ ಶತಮಾನದ ಆರಂಭದಲ್ಲಿ ಕಣ್ಣೂರಿನಲ್ಲಿದ್ದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸನ ಬರವಣಿಗೆ ಸಾಕ್ಷಿ. ನಾಯರ್ ಬಾಲಕರನ್ನು ಏಳನೆಯ ವಯಸ್ಸಿಗೇ ಶಾಲೆಗೆ ಸೇರಿಸಿ, ಮೈಯನ್ನು ಬಳುಕುವಂತೆ ಪಳಗಿಸಿ, ಬಳಿಕ ಆಯುಧ ಕೊಡುತ್ತಿದ್ದುದನ್ನು ಅವನು ವಿವರಿಸುತ್ತಾನೆ. ಕಲಿಸುವವರನ್ನು ಪಣಿಕ್ಕರರೆಂದು ಗುರುತಿಸುತ್ತಾನೆ. ಈ ಗುರುಗಳ ಜೀವನೋಪಾಯ ನಿಂತಿದ್ದುದು ನಾಡೊಡೆಯರ ಯುದ್ಧ ಹಾಗೂ ಮನೆತನಗಳ ಅಂಕದ ಮೇಲೆ. ಬ್ರಿಟಿಷರ ಆಳ್ವಿಕೆ ಕಿತ್ತುಹಾಕಿದ್ದು ಈ ಬುಡವನ್ನು. ಪಳಶ್ಶಿ ರಾಜನ ಪ್ರತಿರೋಧ ನಡೆಯುತ್ತಿದ್ದಾಗಲೇ, 1804ರಲ್ಲಿ, ಮಲಬಾರಿನ ಜನರು ಆಯುಧ ಧರಿಸದಂತೆ ಕಟ್ಟಪ್ಪಣೆಗಳು ಹೊರಟವು. 1805ರ ನವೆಂಬರ್ 30ರಂದು ವಯನಾಡಿನ ಕಾಡಿನಲ್ಲಿ ಪಳಶ್ಶಿ ರಾಜನ ಅಂತ್ಯವಾಯಿತು. 1854ರಲ್ಲಿ ಮಾಪಿಳ್ಳೆಗಳ ಯುದ್ಧಗತ್ತಿಯನ್ನು ನಿಷೇಧಿಸುವ ಪ್ರತ್ಯೇಕ ಕಾಯಿದೆಯೇ ಬಂತು. ಕತ್ತಿಯನ್ನು ಹಿಡಿಯಲಾಗದ ಕಾಲದಲ್ಲಿ ಕತ್ತಿಯ ಗುರುವಿಗೆ ಕೆಲಸವೆಲ್ಲಿಯದು?

ಗರಡಿಯ ಪಾಡು ಬೇರೆಯಾದುದಕ್ಕೆ ತುಳುವರ ಉದಾಸೀನವೇ ಕಾರಣವೆಂದು ಹೇಳುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಲಬಾರಿನಲ್ಲಿಯೂ ಅನೇಕ ಕಳರಿಗಳು ಆರಾಧನಾಸ್ಥಾನಗಳಾಗಿಯೇ ಉಳಿದವು; ವಳಪಟ್ಟಣದ ಕಳರಿವಾದುಕ್ಕಲ್ ಭಗವತಿಯ ಹೆಸರಿನಲ್ಲೇ ಕಳರಿ ಇದೆ. ಆಯುಧ ನಿಂತ ಮೇಲೆ ದೀಪ ಉಳಿಯುವುದು ಹೊಳೆಯ ಎರಡೂ ಕಡೆಯ ಸಾಮಾನ್ಯ ಗತಿ. ಆದ್ದರಿಂದ ವಿವರಣೆ ಬೇಕಾಗಿರುವುದು ಗರಡಿ ದೈವಸ್ಥಾನವಾದುದಕ್ಕಲ್ಲ, ಕೆಲವು ಕಳರಿಗಳು ಮತ್ತೆ ಶಾಲೆಗಳಾದುದಕ್ಕೆ.

ಆ ವಿವರಣೆ ದೊರೆಯುವುದು ಕೆಲವು ಗುರುಗಳ ಬಾಳಿನಲ್ಲಿ. ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ (1850-1935) ಅವರಲ್ಲಿ ಮೊದಲಿಗರು. ಮನೆಮನೆಗಳಲ್ಲಿ ಚೂರುಚೂರಾಗಿ ಉಳಿದಿದ್ದ ವಿದ್ಯೆಯನ್ನು ಅವರು ಊರೂರು ತಿರುಗಿ, ಹಲವು ಗುರುಗಳ ಬಳಿ ಕಲಿತು ಒಟ್ಟುಗೂಡಿಸಿದರು. ಅದಕ್ಕಾಗಿ ಸ್ವಂತ ಆಸ್ತಿಯನ್ನೇ ಕಳೆದುಕೊಂಡರೆಂದು ಶಿಷ್ಯಪರಂಪರೆ ನೆನೆಯುತ್ತದೆ. ಅವರ ಶಿಷ್ಯ ತಲಶ್ಶೇರಿಯ ಸಿ.ವಿ. ನಾರಾಯಣನ್ ನಾಯರ್ (1905-1944) ಕಳರಿಯ ಒಳಗಿದ್ದುದನ್ನು ಸಾರ್ವಜನಿಕ ಪ್ರದರ್ಶನಕ್ಕೆ ತಂದರು. ನಾರಾಯಣನ್ ನಾಯರರ ಮಗ ಗೋವಿಂದನ್‌ಕುಟ್ಟಿ ನಾಯರ್ 1956ರಲ್ಲಿ ತಿರುವನಂತಪುರದಲ್ಲಿ ಸಿ.ವಿ.ಎನ್. ಕಳರಿಯನ್ನು ತೆರೆದರು. ಅಮೆರಿಕದ ರಂಗತಜ್ಞ ಫಿಲಿಪ್ ಜಾರಿಲಿ ಅಲ್ಲಿ ವರ್ಷಾನುಗಟ್ಟಲೆ ಕಲಿತು 1998ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದ ಆಧಾರಕೃತಿಗಳಲ್ಲೊಂದು. ಗುರು ಮೊದಲು ಅಲೆದಾಡುವ ಶಿಷ್ಯನಾಗಬೇಕಾಯಿತು. ಬಳಿಕ ಅಪರಿಚಿತರಿಗೂ ಬಾಗಿಲು ತೆರೆಯುವವನಾಗಬೇಕಾಯಿತು.

ಆ ಬಾಗಿಲು ಎಲ್ಲರಿಗೂ ಸಮಾನವಾಗಿ ತೆರೆಯಿತೇ ಎಂಬುದು ಮುಂದಿನ ಪ್ರಶ್ನೆ. ಉಣ್ಣಿಯಾರ್ಚೆಯ ಕಥೆಗಳಿಗೂ ತಚ್ಚೋಳಿ ಒದೇನನ ಕಥೆಗಳಿಗೂ ಹೆಸರಾದ ಕಡತ್ತನಾಡಿನ ವಡಗರದಲ್ಲಿ, ತೀಯ ಸಮುದಾಯದ ರಾಘವನ್ ಎಂಬ ತರುಣನಿಗೆ ಜಾತಿಯ ಕಾರಣದಿಂದ ಕಳರಿಯೊಂದರ ಪ್ರವೇಶ ದೊರೆಯಲಿಲ್ಲವೆಂದು ಆ ಮನೆಯವರು ಹೇಳಿದ್ದಾರೆ. ಚೇಕವರರ ಸಾಹಸವನ್ನು ಹಾಡುವ ಊರಿನಲ್ಲಿ ಚೇಕವರರ ಸಮುದಾಯದ ಹುಡುಗನಿಗೆ ಆದ ಅನುಭವವಿದು. ಆ ನಿರಾಕರಣೆಗೆ ಉತ್ತರವಾಗಿ 1949ರಲ್ಲಿ ಕಡತ್ತನಾಡನ್ ಕಳರಿ ಸಂಘ ಹುಟ್ಟಿತು. ಜಾತಿಮತ ಕೇಳದೆ ಸೇರಿಸಿಕೊಳ್ಳುವುದು, ಶುಲ್ಕ ನಿಗದಿಪಡಿಸದೆ ಶಿಷ್ಯರು ಕೊನೆಗೆ ಕೊಟ್ಟ ದಕ್ಷಿಣೆಯನ್ನು ಸ್ವೀಕರಿಸುವುದು ಅದರ ಕಟ್ಟಳೆಯಾಯಿತು. ಊರಿನವರ ಬಾಯಲ್ಲಿ ರಾಘವನ್ ಮಾಸ್ತರರಾದ ಈ ಗುರುವಿನ ಬಳಿಗೆ ಮೀನಾಕ್ಷಿಯನ್ನು ತಂದೆಯೇ ಕರೆತಂದರು. ಆಗ ಆಕೆಗೆ ಏಳು ವರ್ಷ.

ತಂದೆಯ ಉದ್ದೇಶ ಮಗಳನ್ನು ಯೋಧಳಾಗಿಸುವುದಾಗಿರಲಿಲ್ಲ. ನೃತ್ಯ ಕಲಿಯುವ ಮಕ್ಕಳ ಮೈ ಸಡಿಲವಾಗಲು ಕಳರಿಯ ಮೊದಲ ಪಾಠಗಳು ಒಳ್ಳೆಯವೆಂಬ ತಿಳಿವಳಿಕೆ ಅಲ್ಲಿ ಬಳಕೆಯಲ್ಲಿತ್ತು. ಹುಡುಗಿಯರು ಋತುಮತಿಯರಾಗುವವರೆಗೆ ಕಲಿತು ಬಿಟ್ಟುಬಿಡುವುದು ವಾಡಿಕೆ. ಮೀನಾಕ್ಷಿಯವರು ಬಿಡಲಿಲ್ಲ, ತಂದೆ ಬಿಡಿಸಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಗುರುವನ್ನೇ ವಿವಾಹವಾದರು. ಉಳಿದವರಿಗೆ ಮದುವೆ ಅಭ್ಯಾಸದ ಕೊನೆಯಾಗುತ್ತಿದ್ದರೆ, ಅವರಿಗೆ ಅದು ಕಳರಿಯೊಳಗಿನ ವಾಸವನ್ನೇ ಒದಗಿಸಿತು.

ಅವರು ಕಲಿತುದರ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉತ್ತರ ಮಲಬಾರಿನ ಸಾಂಪ್ರದಾಯಿಕ ಕಳರಿ ನೆಲವನ್ನು ಅಗೆದು ಮಾಡಿದ ಕುಳಿಕ್ಕಳರಿ. ನಲವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲ, ಸುಮಾರು ಮೂರೂವರೆ ಅಡಿ ಆಳ; ಉದ್ದ ಪೂರ್ವಪಶ್ಚಿಮವಾಗಿ, ಬಾಗಿಲು ಪೂರ್ವಕ್ಕೆ; ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲುಗಳ ಪೂತ್ತರ. ಬಲಗಾಲಿಟ್ಟು ಒಳಗಿಳಿದ ಶಿಷ್ಯನು ನೆಲ ಮುಟ್ಟಿ, ಪೂತ್ತರಕ್ಕೆ ವಂದಿಸಿ, ಗುರುವಿನ ಪಾದ ಮುಟ್ಟಿಯೇ ಅಭ್ಯಾಸ ತೊಡಗುತ್ತಾನೆ. ಆನೆ, ಸಿಂಹ, ಕುದುರೆ, ಹಂದಿ, ನವಿಲು, ಹಾವು, ಕೋಳಿ, ಬೆಕ್ಕುಗಳ ಹೆಸರಿನ ಎಂಟು ವಡಿವುಗಳಲ್ಲಿ ಮೈ ಪಳಗಬೇಕು. ಮೈ ಪಳಗದೆ ಕೈಗೆ ಕೋಲಿಲ್ಲ. ಕೋಲು ಪಳಗದೆ ಕತ್ತಿಯಿಲ್ಲ. ಬಳುಕುವ ಉರುಮಿಯನ್ನು ಹಿಡಿಯುವ ಹೊತ್ತಿಗೆ ವರ್ಷಗಳೇ ಸಂದಿರುತ್ತವೆ. ಬರಿಗೈಯ ಪಾಠ ಎಲ್ಲಕ್ಕಿಂತ ಕೊನೆಗೆ. ಮರ್ಮಜ್ಞಾನವಿಲ್ಲದೆ ಅದು ಪೂರ್ಣವಾಗದು. ಮರ್ಮಕ್ಕೆ ಹೊಡೆಯಬಲ್ಲವರು ಮರ್ಮಕ್ಕೆ ಬಿದ್ದ ಪೆಟ್ಟನ್ನು ವಾಸಿಮಾಡಲೂ ಬಲ್ಲವರಾಗಿರಬೇಕು. ಹೀಗಾಗಿ ಎಣ್ಣೆಯ ಉಳಿಚ್ಚಿಲ್, ಕಟ್ಟು, ಔಷಧಗಳ ವಿದ್ಯೆಯೂ ಗುರುವಿನ ಕರ್ತವ್ಯಕ್ಕೆ ಸೇರಿದೆ. ಆಯುಧ ನಿಷೇಧವಾದ ಕಾಲದಲ್ಲಿ ಎಷ್ಟೋ ಗುರುಮನೆಗಳಿಗೆ ಅನ್ನ ನೀಡಿದ್ದು ಈ ಚಿಕಿತ್ಸೆಯೇ.

ಕಲಿಸುವ ಕೆಲಸವನ್ನು ಮೀನಾಕ್ಷಿಯವರು ಪತಿಯ ಕಾಲದಲ್ಲೇ ಹಂಚಿಕೊಂಡಿದ್ದರು. ಅವರ ನಿಧನದ ಬಳಿಕ ಗುರುಸ್ಥಾನಕ್ಕೆ ಬಂದರು. ‘ಗುರುಕ್ಕಳ್’ ಎಂಬುದು ವ್ಯಾಕರಣರೀತ್ಯಾ ಗೌರವದ ಬಹುವಚನ. ನಮ್ಮ ‘ಗುರುಗಳು’ ಎಂಬ ರೂಪದಂತೆ ಅದರಲ್ಲಿಯೂ ಗಂಡು-ಹೆಣ್ಣೆಂಬ ಭೇದವಿಲ್ಲ. ಆದರೆ ಬಳಕೆಯಲ್ಲಿ ಅದು ಗಂಡಸರ ಬಿರುದಾಗಿಯೇ ನಡೆದುಬಂದಿತ್ತು. ವ್ಯಾಕರಣ ಬಹುಕಾಲದಿಂದ ಒಪ್ಪಿದ್ದುದನ್ನು ಸಮಾಜ ಒಪ್ಪುವಂತೆ ಮಾಡಿದವರಲ್ಲಿ ಈ ಹಿರಿಯಳು ಪ್ರಮುಖರು. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಕ್ಕಳ ಅಭ್ಯಾಸ ನಡೆಯುತ್ತದೆ. ವಾತಾವರಣದ ತಂಪಿನಲ್ಲಿ ಎಣ್ಣೆಯಿಂದ ಕಾದ ಮೈ ಬೇಗ ಮಣಿಯುತ್ತದೆಂಬುದು ಅದರ ತರ್ಕ. ಸೀರೆಯುಟ್ಟು, ಕಚ್ಚೆ ಬಿಗಿದು, ತಮಗಿಂತ ಹಲವು ದಶಕ ಕಿರಿಯರಾದ ಶಿಷ್ಯರೊಡನೆ ಕೋಲುಹಿಡಿಯುವ ಅವರಿಗೆ 2017ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ನೀಡಿತು. ಆಗ ಅವರು ಎಪ್ಪತ್ತು ದಾಟಿದ್ದರು. ಅವರ ಕಳರಿಯಲ್ಲಿ ಇಂದು ಹುಡುಗಿಯರ ಸಂಖ್ಯೆ ಗಣನೀಯವಾಗಿದೆ.

ಈ ವಿದ್ಯಾಪಥದಲ್ಲಿ ಗಮನಾರ್ಹವಾದುದು ಎರಡು ಬಗೆಯ ನಿಷ್ಠೆಗಳ ಸಹವಾಸ. ಪಾಠದ ಕ್ರಮದಲ್ಲಿ ಒಂದು ಹೆಜ್ಜೆಯನ್ನೂ ಹಾರಿಸಲಾಗದು. ವಾಯ್ತಾರಿಯ ಒಂದು ಪದವನ್ನೂ ಬದಲಿಸಲಾಗದು. ಆದರೆ ಯಾರು ಕಲಿಯಬಹುದು, ಯಾರು ಕಲಿಸಬಹುದು ಎಂಬ ವಿಷಯದಲ್ಲಿ ಹಳೆಯ ಕಟ್ಟಳೆಗಳೆಲ್ಲ ಸಡಿಲಗೊಂಡಿವೆ. ಕಲಿಕೆಯ ಕ್ರಮವನ್ನು ಬಿಗಿಯಾಗಿಟ್ಟು ಪ್ರವೇಶದ ಕ್ರಮವನ್ನು ಬದಲಿಸಿದ್ದರಿಂದಲೇ ಈ ಕಳರಿ ಉಳಿಯಿತು. ಇದಕ್ಕೆ ಹೊಸ ಒತ್ತಡಗಳೂ ಇಲ್ಲದಿಲ್ಲ. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕಳರಿಪಯಟ್ಟು ಸ್ಪರ್ಧೆಯಾಗಿ ಸೇರಿತು. ಅಂಕಪಟ್ಟಿ ಕಲೆಗೆ ಮಾನ್ಯತೆ ತರುತ್ತದೆ. ಅಂಕ ಸಿಗದ ಚಿಕಿತ್ಸೆ, ವಂದನೆ, ನಿಧಾನಗಳನ್ನು ಬದಿಗೆ ಸರಿಸುವ ಶಕ್ತಿಯೂ ಅದಕ್ಕಿದೆ. ಅದನ್ನು ತಡೆಯುವ ಹೊಣೆ ಮತ್ತೆ ಬೀಳುವುದು ಗುರುವಿನ ಮೇಲೆಯೇ.

ಗರಡಿ-ಕಳರಿಗಳಲ್ಲಿ ಯಾವುದು ಹಳೆಯದು, ಯಾರಿಂದ ಯಾರು ಪಡೆದರು ಎಂಬ ಚರ್ಚೆ ಗಡಿನಾಡಿನಲ್ಲಿ ಬೇಗ ಅಭಿಮಾನದ ಪ್ರಶ್ನೆಯಾಗುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ದಕ್ಷಿಣ ಕನ್ನಡ ಮತ್ತು ಮಲಬಾರ್ ಎರಡೂ ಬಹುಕಾಲ ಒಂದೇ ಮದರಾಸು ಆಡಳಿತದ ಅಡಿಯಲ್ಲಿದ್ದವು. ವಿದ್ಯೆ ಹರಿದಾಡಿದ ಕಾಲಕ್ಕೆ ನಮ್ಮ ಇಂದಿನ ಗಡಿಗಳೇ ಇರಲಿಲ್ಲ. ಮೂಲದ ಹಕ್ಕು ಸ್ಥಾಪಿಸುವುದಕ್ಕಿಂತ ಪಾಠದ ಸರಣಿ ಎಲ್ಲಿ ಕಡಿಯಿತು, ಎಲ್ಲಿ ಕೂಡಿತು ಎಂದು ಗುರುತಿಸುವುದೇ ಸಂಶೋಧನೆಗೆ ಹೆಚ್ಚು ಫಲದಾಯಕ. ತುಳುನಾಡಿನ ಗರಡಿಗಳ ಪಾಡ್ದನ, ಸುರಿಯ, ನೇಮದ ನಡೆಗಳನ್ನು ಕಳರಿಯ ವಡಿವು-ವಾಯ್ತಾರಿಗಳೊಡನೆ ಹೋಲಿಸಿ ದಾಖಲಿಸುವ ಕೆಲಸ ಎರಡೂ ಭಾಷೆಗಳನ್ನು ಬಲ್ಲ ಕಾಸರಗೋಡಿನ ವಿದ್ವಾಂಸರಿಂದ ಆಗಬೇಕಾದುದು.

ಮಲಯಾಳದಲ್ಲಿ ಅಕ್ಷರ ಕಲಿಸುವ ಮನೆಗೂ ಎಳುತ್ತುಕಳರಿ ಎಂದು ಹೆಸರಿತ್ತು. 1967ರಲ್ಲಿ ಶಾಸ್ತಾಂಕೋಟ್ಟದಲ್ಲಿ ತೊಡಗಿದ ರಂಗಚಳವಳಿಯೂ ತನ್ನನ್ನು ನಾಟಕಕ್ಕಳರಿ ಎಂದು ಕರೆದುಕೊಂಡಿತು. ಕನ್ನಡದಲ್ಲಿ ಇಂದಿಗೂ ಒಬ್ಬ ಸಂಗೀತಗಾರನನ್ನೋ ಪತ್ರಕರ್ತನನ್ನೋ ಇಂಥವರ ‘ಗರಡಿಯಲ್ಲಿ ಪಳಗಿದವರು’ ಎನ್ನುತ್ತೇವೆ. ಭಾಷೆ ಆ ಸಂಸ್ಥೆಯನ್ನು ನೆನಪಿನಲ್ಲಿಟ್ಟಿರುವುದು ಗುರುವಿರುವ ಸ್ಥಳವಾಗಿ. ಗಡಿಯಾಚೆಯ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಮನೆಯಲ್ಲಿ ಪೂಜ್ಯವಾಗಿ ಉಳಿದು, ತರಗತಿಯಲ್ಲಿ ಕಲಿಸುವವರಿಲ್ಲದ ಭಾಷೆಗೆ ನಾವು ವರ್ಷಕ್ಕೊಮ್ಮೆ ದೀಪ ಹಚ್ಚಬಲ್ಲೆವು, ಅಷ್ಟೆ. ನಿರಾಕರಣೆಗೆ ಉತ್ತರವಾಗಿ ತಮ್ಮದೇ ಕಳರಿ ಕಟ್ಟಿದ ಒಂದು ಮನೆ, ಏಳನೆಯ ವಯಸ್ಸಿನಲ್ಲಿ ಅಲ್ಲಿಗಿಳಿದ ಒಬ್ಬ ಹುಡುಗಿಯಿಂದ ಏಳು ದಶಕಗಳ ಪಾಠವನ್ನು ಪಡೆಯಿತು. ಅಂಥ ಬಾಗಿಲುಗಳು ನಮ್ಮ ಕಡೆ ಎಷ್ಟಿವೆ ಎಂದು ಎಣಿಸಿಕೊಳ್ಳುವ ಅಗತ್ಯವನ್ನು ಈ ಚರಿತ್ರೆ ಮುಂದಿಡುತ್ತದೆ.