ದೀಕ್ಷಾಸ್ನಾನ: ಆದಿ ಕ್ರೈಸ್ತರ ನಂಬಿಕೆಯಲ್ಲಿ ನೀರಿನ ಅರ್ಥ

ದೀಕ್ಷಾಸ್ನಾನವು ಕ್ರೈಸ್ತ ಧರ್ಮದ ಪ್ರವೇಶ ಸಂಸ್ಕಾರ. ವ್ಯಕ್ತಿಯನ್ನು ನೀರಿನಲ್ಲಿ ಮುಳುಗಿಸಿ ಅಥವಾ ಆತನ ತಲೆಯ ಮೇಲೆ ನೀರೆರೆದು, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರುಗಳನ್ನು ಉಚ್ಚರಿಸಿ ಇದನ್ನು ನೆರವೇರಿಸುತ್ತಾರೆ. ಕನ್ನಡ ಕ್ರೈಸ್ತರಲ್ಲಿ ದೀಕ್ಷಾಸ್ನಾನ, ಜ್ಞಾನಸ್ನಾನ, ಬಾಪ್ತಿಸ್ಮ ಎಂಬ ಮೂರು ಹೆಸರುಗಳೂ ಬಳಕೆಯಲ್ಲಿವೆ. ಇಲ್ಲಿನ ಗುಜರಾತಿ ಕ್ರೈಸ್ತರು ಬಾಪ್ತಿಸ್ಮಾ ಎನ್ನುತ್ತಾರೆ.

ಮಣಿನಗರದಲ್ಲಾಗಲಿ, ವಡೋದರೆ ಸೂರತ್ತುಗಳಲ್ಲಾಗಲಿ ನೆರೆಮನೆಯ ಕ್ರೈಸ್ತ ಬಂಧುಗಳಿಂದ ಈ ಸಮಾರಂಭಕ್ಕೆ ಆಮಂತ್ರಣ ಬಂದಾಗ ನಮ್ಮಲ್ಲಿ ಹಲವರು ಇದನ್ನು ಮಗುವಿನ ನಾಮಕರಣವೆಂದೇ ಭಾವಿಸುತ್ತೇವೆ. ಹೆಸರಿಡುವ ಪದ್ಧತಿ ಇದರೊಡನೆ ಸೇರಿಕೊಂಡಿರುವುದು ನಿಜ. ಆದರೆ ಮೊದಲ ನಾಲ್ಕು ಶತಮಾನಗಳ ಕ್ರೈಸ್ತರಿಗೆ ಇದು ಹೆಸರಿನ ವಿಷಯವಾಗಿರಲಿಲ್ಲ. ಹಳೆಯ ಬಾಳಿಗೆ ಸತ್ತು ಹೊಸ ಕುಲದಲ್ಲಿ ಹುಟ್ಟುವುದೇ ಅವರಿಗೆ ದೀಕ್ಷಾಸ್ನಾನದ ಅರ್ಥವಾಗಿತ್ತು.

ಪದದ ಮೂಲ

ಗ್ರೀಕ್ ಭಾಷೆಯ 'ಬಾಪ್ಟಿಜೈನ್' ಎಂಬ ಕ್ರಿಯಾಪದಕ್ಕೆ ಮುಳುಗಿಸು, ಅದ್ದು ಎಂಬ ಅರ್ಥಗಳಿವೆ. ಇದರ ಮೂಲವಾದ 'ಬಾಪ್ಟೋ' ಎಂಬ ಪದವನ್ನು ಬಟ್ಟೆಯನ್ನು ಬಣ್ಣದಲ್ಲಿ ಅದ್ದುವುದಕ್ಕೂ ಬಳಸುತ್ತಿದ್ದರು. ಜವಳಿಯ ನಾಡಿನಲ್ಲಿ ನೆಲೆಸಿರುವ ನಮಗೆ ಈ ಅರ್ಥ ಬೇಗ ಮನದಟ್ಟಾಗುತ್ತದೆ. ತೊಳೆದ ಬಟ್ಟೆ ಮತ್ತೆ ಕೊಳೆಯಾಗಬಹುದು, ಬಣ್ಣಕ್ಕೆ ಅದ್ದಿದ ಬಟ್ಟೆಯಾದರೋ ಬೇರೆಯೇ ಬಟ್ಟೆಯಾಗಿ ಹೊರಬರುತ್ತದೆ.

ಯೊರ್ದನ್ ನದಿಯಲ್ಲಿ

ಯೆಹೂದ್ಯರಲ್ಲಿ ಶುದ್ಧಿಗಾಗಿ ನೀರಿನಲ್ಲಿ ಮುಳುಗುವ ಆಚಾರ ಮೊದಲಿನಿಂದಲೂ ಇತ್ತು. ಅದು ಅಶುದ್ಧಿ ಉಂಟಾದಾಗಲೆಲ್ಲ ಮತ್ತೆ ಮತ್ತೆ ಮಾಡುವ ಸ್ನಾನ. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಸ್ನಾನಿಕನಾದ ಯೋಹಾನನು ಯೊರ್ದನ್ ನದಿಯಲ್ಲಿ ಜನರಿಗೆ ಪಶ್ಚಾತ್ತಾಪದ ಸ್ನಾನ ಮಾಡಿಸಿದನು. ಯೇಸುವೂ ಅವನಿಂದಲೇ ಸ್ನಾನ ಮಾಡಿಸಿಕೊಂಡನೆಂದು ಸುವಾರ್ತೆಗಳು ತಿಳಿಸುತ್ತವೆ. ಯೇಸುವಿನ ಅನುಯಾಯಿಗಳು ಆ ಸ್ನಾನವನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡುವ, ಮರುಕಳಿಸಲಾಗದ ವಿಧಿಯನ್ನಾಗಿ ಮಾಡಿಕೊಂಡರು.

ಸಮಾಧಿ ಮತ್ತು ಗರ್ಭ

ಈ ವಿಧಿಗೆ ಆಳವಾದ ಅರ್ಥವನ್ನು ಕೊಟ್ಟವರಲ್ಲಿ ಅಪೊಸ್ತಲನಾದ ಪೌಲನು ಮೊದಲಿಗ. ನೀರಿನಲ್ಲಿ ಮುಳುಗುವವನು ಕ್ರಿಸ್ತನೊಡನೆ ಹೂಳಲ್ಪಡುತ್ತಾನೆ, ಆತನ ಪುನರುತ್ಥಾನದಲ್ಲಿ ಪಾಲು ಪಡೆದು ಹೊಸ ಜೀವದಲ್ಲಿ ನಡೆಯುತ್ತಾನೆ ಎಂಬುದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನು ಹೇಳುವ ತತ್ತ್ವ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದರ ಸಾಮಾಜಿಕ ಫಲವನ್ನೂ ಹೇಳಿದ್ದಾನೆ: ಸ್ನಾನ ಹೊಂದಿದವರಲ್ಲಿ ಯೆಹೂದ್ಯ ಗ್ರೀಕನೆಂಬ, ದಾಸ ಸ್ವತಂತ್ರನೆಂಬ, ಗಂಡು ಹೆಣ್ಣೆಂಬ ಭೇದಗಳಿಲ್ಲ. ಯೋಹಾನನ ಸುವಾರ್ತೆ ಇದನ್ನೇ ನೀರಿನಿಂದಲೂ ಆತ್ಮನಿಂದಲೂ ಆಗುವ ಹೊಸ ಹುಟ್ಟೆಂದು ಕರೆಯುತ್ತದೆ. ಜೆರುಸಲೇಮಿನ ಬಿಷಪ್ ಸಿರಿಲನ ಹೆಸರಿನಲ್ಲಿ ಉಳಿದುಬಂದಿರುವ 4ನೆಯ ಶತಮಾನದ ಉಪದೇಶಗಳು ಎರಡು ಭಾವಗಳನ್ನೂ ಕೂಡಿಸಿ, ಸ್ನಾನದ ಕೊಳವನ್ನು ಏಕಕಾಲಕ್ಕೆ ಸಮಾಧಿಯೂ ತಾಯಿಯೂ ಆಗಿ ಕಾಣುತ್ತವೆ.

ಸಿದ್ಧತೆ ಮತ್ತು ವಿಧಿ

1ನೆಯ ಶತಮಾನದ ಕೊನೆ ಅಥವಾ 2ನೆಯ ಶತಮಾನದ ಆದಿಯದೆಂದು ಎಣಿಸಲಾಗುವ 'ದಿದಖೆ' ಎಂಬ ಕಿರುಗ್ರಂಥದಲ್ಲಿ ಈ ವಿಧಿಯ ಪ್ರಾಚೀನ ಸೂಚನೆಗಳಿವೆ. ಹರಿಯುವ ನೀರು ಉತ್ತಮ. ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ದೊರೆಯದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ನೀರೆರೆಯಬಹುದು. ಸ್ನಾನ ಹೊಂದುವವನು ಒಂದೆರಡು ದಿನ ಮೊದಲೇ ಉಪವಾಸವಿರಬೇಕು. ಸುಮಾರು 150ರಲ್ಲಿ ಬರೆದ ಜಸ್ಟಿನನು ಈ ಸ್ನಾನವನ್ನು 'ಬೆಳಕು ಹೊಂದುವುದು' ಎಂದು ಕರೆದನು. ನಮ್ಮಲ್ಲಿ ಬಳಕೆಯಾಗಿರುವ ಜ್ಞಾನಸ್ನಾನವೆಂಬ ಪದ ಈ ಭಾವಕ್ಕೆ ಬಹಳ ಸಮೀಪವಾದುದು.

ಮುಂದೆ ವಿಧಿ ವಿಸ್ತಾರವಾಯಿತು. 'ಅಪೊಸ್ತಲ ಸಂಪ್ರದಾಯ'ವೆಂಬ ಪ್ರಾಚೀನ ಗ್ರಂಥವು ಅಭ್ಯರ್ಥಿಗೆ ಮೂರು ವರ್ಷಗಳ ಉಪದೇಶವನ್ನು ವಿಧಿಸುತ್ತದೆ, ಅವನ ಕಸುಬು ನಡತೆಗಳನ್ನೂ ಪರೀಕ್ಷಿಸಬೇಕೆನ್ನುತ್ತದೆ. ಜೆರುಸಲೇಮಿನಲ್ಲಿ ಅಭ್ಯರ್ಥಿಯು ಮೊದಲು ಪಶ್ಚಿಮಕ್ಕೆ ಮುಖಮಾಡಿ ಸೈತಾನನನ್ನು ತ್ಯಜಿಸುತ್ತಿದ್ದನು, ಅನಂತರ ಪೂರ್ವಕ್ಕೆ ತಿರುಗಿ ನಂಬಿಕೆಯನ್ನು ಘೋಷಿಸುತ್ತಿದ್ದನು. ಹಳೆಯ ಉಡುಪನ್ನು ಕಳಚಿ, ತೈಲಲೇಪನ ಹೊಂದಿ, ಮೂರು ಸಲ ಮುಳುಗಿ ಏಳುತ್ತಿದ್ದನು. ಬಿಳಿಯ ವಸ್ತ್ರ ಹೊಸ ಬಾಳಿನ ಗುರುತಾಗಿತ್ತು. ಅದಾದ ಮೇಲೆಯೇ ಅವನಿಗೆ ಪ್ರಭುಭೋಜನದ ಪಂಕ್ತಿಯಲ್ಲಿ ಸ್ಥಾನ. ಸಹಪಂಕ್ತಿ ಭೋಜನದ ಮಹತ್ತ್ವವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿರಿಯಾದ ದೂರಾ ಯೂರೋಪೋಸ್ ಎಂಬಲ್ಲಿ 1930ರ ದಶಕದ ಉತ್ಖನನದಲ್ಲಿ 3ನೆಯ ಶತಮಾನದ ಸ್ನಾನಗೃಹವೊಂದು ದೊರೆಯಿತು. ಅದು ವಾಸದ ಮನೆಯನ್ನೇ ಮಾರ್ಪಡಿಸಿ ಮಾಡಿದ ಪ್ರಾರ್ಥನಾಮಂದಿರದ ಒಂದು ಕೋಣೆ. ರಾಜಾಶ್ರಯ ದೊರೆಯುವ ಮೊದಲು ಈ ಧರ್ಮ ಎಂತಹ ಇಕ್ಕಟ್ಟಾದ ಸ್ಥಳಗಳಲ್ಲಿ ಬೆಳೆಯಿತೆಂಬುದಕ್ಕೆ ಅದು ಸಾಕ್ಷಿ.

ಮೂರು ವಿವಾದಗಳು

ಮೊದಲನೆಯದು, ಶಿಶುಗಳ ಪ್ರಶ್ನೆ. ಸುಮಾರು 200ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನನು ಮಕ್ಕಳು ಬೆಳೆದು ಅರಿತ ಮೇಲೆ ಸ್ನಾನ ಹೊಂದುವುದೇ ಲೇಸೆಂದನು. 5ನೆಯ ಶತಮಾನದ ಆದಿಯಲ್ಲಿ ಅಗಸ್ಟಿನನು ಮೂಲಪಾಪದ ಸಿದ್ಧಾಂತವನ್ನು ಮುಂದಿಟ್ಟು ಶಿಶುಗಳಿಗೂ ಅದು ಅಗತ್ಯವೆಂದು ವಾದಿಸಿದನು. ಎರಡನೆಯದು, ಭಿನ್ನಮತದವರು ಮಾಡಿಸಿದ ಸ್ನಾನ ಸಲ್ಲುವುದೇ ಎಂಬುದು. 250ರ ದಶಕದಲ್ಲಿ ಕಾರ್ಥೇಜಿನ ಸಿಪ್ರಿಯನನು ಸಲ್ಲದೆಂದನು, ರೋಮಿನ ಬಿಷಪ್ ಸ್ಟೀಫನನು ಸಲ್ಲುವುದೆಂದನು. ಪಾಶ್ಚಾತ್ಯ ಸಭೆಯಲ್ಲಿ ಕೊನೆಗೆ ನಿಂತದ್ದು ರೋಮಿನ ಮತ. ಮೂರನೆಯದು, ಸ್ನಾನದ ಅನಂತರ ಮಾಡಿದ ಪಾಪಕ್ಕೆ ಪರಿಹಾರವೇನೆಂಬ ಭಯ. ಈ ಭಯದಿಂದ ಹಲವರು ಸ್ನಾನವನ್ನು ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಾಂಟೀನನೇ 337ರಲ್ಲಿ ಮರಣಶಯ್ಯೆಯಲ್ಲಿ ಸ್ನಾನ ಹೊಂದಿದನು. ಸ್ನಾನಕ್ಕೆ ಮೊದಲೇ ನಂಬಿಕೆಗಾಗಿ ಪ್ರಾಣತೆತ್ತವರಿಗೆ ಅವರ ರಕ್ತವೇ ಸ್ನಾನವಾಯಿತೆಂದು ಸಭೆ ಎಣಿಸಿತು.

ಕನ್ನಡಕ್ಕೆ ಬಂದ ಬಗೆ

ಈ ವಿಧಿಗೆ ಭಾರತೀಯ ಭಾಷೆಗಳಲ್ಲಿ ಯಾವ ಪದವನ್ನು ಬಳಸಬೇಕೆಂಬುದೇ ಒಂದು ವಿವಾದವಾಯಿತು. ಬಂಗಾಳಿ ಅನುವಾದದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳು 'ಮುಳುಗಿಸು' ಎಂಬರ್ಥದ ಪದವನ್ನು ಬಳಸಿದ್ದರಿಂದ 1830ರ ದಶಕದಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಅದಕ್ಕೆ ಧನಸಹಾಯ ನಿರಾಕರಿಸಿತು. ಕನ್ನಡದ ಕೆಲಸವನ್ನು ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡರು. ಸಂಪೂರ್ಣ ಕನ್ನಡ ಬೈಬಲು 1831ರಲ್ಲಿ ಮುಗಿಯಿತು. ಅದೇ ಮಿಷನ್ನಿನ ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವಿ 1815ರಲ್ಲಿ ನಮ್ಮ ಸೂರತ್ತಿಗೆ ಬಂದು ಗುಜರಾತಿ ಅನುವಾದದಲ್ಲಿ ತೊಡಗಿದರೆಂಬುದು ಗುಜರಾತಿನ ಕನ್ನಡಿಗರಾದ ನಮಗೆ ವಿಶೇಷ ಸಂಗತಿ. ಗುಜರಾತಿಯಲ್ಲಿ ಗ್ರೀಕ್ ಪದವೇ ರೂಪಾಂತರಗೊಂಡು ನೆಲೆಯೂರಿತು. ಕನ್ನಡದಲ್ಲಿ ಅದರೊಡನೆ ದೀಕ್ಷೆ ಮತ್ತು ಸ್ನಾನ ಎಂಬ ಎರಡು ಹಳೆಯ ಪದಗಳೂ ಕೂಡಿಕೊಂಡವು.

ದೀಕ್ಷೆಯೆಂಬುದು ನಮಗೆ ಬರಿಯ ಪದವಲ್ಲ. ವೈದಿಕ ಸೋಮಯಾಗದಲ್ಲಿ ಯಜಮಾನನಿಗೆ ದೀಕ್ಷೆ ಕೊಡುವಾಗ ಅವನನ್ನು ಮತ್ತೆ ಗರ್ಭಸ್ಥ ಶಿಶುವನ್ನಾಗಿ ಮಾಡಲಾಗುತ್ತದೆಂದು ಐತರೇಯ ಬ್ರಾಹ್ಮಣ ಹೇಳುತ್ತದೆ. ಉಪನಯನ ಹೊಂದಿದವನು ದ್ವಿಜ, ಅಂದರೆ ಎರಡು ಸಲ ಹುಟ್ಟಿದವನು. ಶರಣರ ಲಿಂಗದೀಕ್ಷೆಯಾದರೋ ಹುಟ್ಟಿನ ಕುಲವನ್ನು ಲೆಕ್ಕಿಸದೆ ಹೊಸ ಬಳಗವೊಂದಕ್ಕೆ ಸೇರಿಸಿತು. ತತ್ತ್ವಗಳು ಬೇರೆಬೇರೆಯೇ. ಆದರೂ ಮರುಹುಟ್ಟಿನ ಕಲ್ಪನೆ ಕನ್ನಡಿಗರಿಗೆ ಅಪರಿಚಿತವಾಗಿರಲಿಲ್ಲ.

ಮಂಗಳೂರು, 1844

ಹಳೆಯ ಬಾಳಿಗೆ ಸಾಯುವುದೆಂಬ ಮಾತಿನ ತೂಕ ಕನ್ನಡನಾಡಿಗೆ ತಿಳಿದದ್ದು ಮಂಗಳೂರಿನಲ್ಲಿ. ಅಲ್ಲಿ 1834ರಿಂದ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗರು, ಮರುವರ್ಷ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ತರುಣನಿಗೆ ದೀಕ್ಷಾಸ್ನಾನ ಕೊಟ್ಟರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ಕಾಲದಲ್ಲಿ ಜಾತಿ ಬಿಟ್ಟವನಿಗೆ ಮನೆ, ಪಂಕ್ತಿ, ಪಿತ್ರಾರ್ಜಿತ ಎಲ್ಲವೂ ದೂರವಾಗುತ್ತಿದ್ದವು. ಅಂಥವರ ಆಸ್ತಿಹಕ್ಕನ್ನು ರಕ್ಷಿಸುವ ಕಾಯಿದೆ ಬಂದದ್ದು 1850ರಲ್ಲಿ. ಕೌಂಡಿನ್ಯರು ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಗಳಾಗಿ ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೂ ಮಿಷನ್ನಿನ ಸೇವೆಯಲ್ಲಿದ್ದರು.

ಅವರ ನಿರ್ಧಾರವನ್ನು ಮಂಗಳೂರಿನವರು ಧರ್ಮತ್ಯಾಗವೆಂದರು, ಮಿಷನ್ನಿನವರು ಜಯವೆಂದರು. ಒಂದು ಮನೆ ಮಗನನ್ನು ಕಳೆದುಕೊಂಡಿತೆಂಬುದೂ, ಒಬ್ಬ ತರುಣನು ತನ್ನ ನಂಬಿಕೆಗಾಗಿ ಆ ಮನೆಯನ್ನೇ ಬಿಟ್ಟನೆಂಬುದೂ ಎರಡೂ ಸತ್ಯ. ರೋಮನ್ ಸಾಮ್ರಾಜ್ಯದಲ್ಲಿ ಸ್ನಾನ ಹೊಂದಿದವರೂ ಇಂತಹ ಬೆಲೆಯನ್ನೇ ತೆತ್ತಿದ್ದರು. ನೀರಿನ ಆಚೆ ಹೊಸ ಬಳಗ ಕಾದಿತ್ತು, ಈಚೆ ಹಳೆಯ ಬಳಗ ಉಳಿಯಿತು.

ಇಂದು ಕ್ರೈಸ್ತ ಮನೆಗಳಲ್ಲಿ ಶಿಶುವಿನ ದೀಕ್ಷಾಸ್ನಾನ ಸಂತೋಷದ ಕುಟುಂಬ ಸಮಾರಂಭವಾಗಿದೆ. ಬಿಳಿಯ ಉಡುಪು, ಸೈತಾನನ ತ್ಯಾಗದ ಪ್ರತಿಜ್ಞೆ, ಮೂರು ಸಲ ಎರೆಯುವ ನೀರು, ಇವೆಲ್ಲ ಆ ಪ್ರಾಚೀನ ವಿಧಿಯ ಉಳಿಕೆಗಳೇ. ನೆರೆಮನೆಯ ಆಮಂತ್ರಣಕ್ಕೆ ಓಗೊಟ್ಟು ಹೋಗುವ ನಾವು ಇವುಗಳ ಅರ್ಥವನ್ನು ಅರಿತು ಹೋದರೆ, ಆ ಮನೆಯವರ ಸಂತೋಷದಲ್ಲಿ ಇನ್ನೂ ಹತ್ತಿರದಿಂದ ಪಾಲ್ಗೊಂಡಂತಾಗುತ್ತದೆ.