ಜೋಡು ಕತ್ತಿಯ ಚಹಾ ಬಟ್ಟಲು

ಯುರೋಪಿನ ಚರಿತ್ರೆ ಎಂದರೆ ಪಠ್ಯಪುಸ್ತಕದಲ್ಲಿ ನಾವು ಓದುವುದು ಯುದ್ಧ, ಒಪ್ಪಂದ, ಕ್ರಾಂತಿಗಳನ್ನೇ. ಒಂದು ಚಹಾ ಬಟ್ಟಲನ್ನು ಮಗುಚಿ ನೋಡಿದರೂ ಅದೇ ಚರಿತ್ರೆ ಸಿಗುತ್ತದೆ ಎಂದರೆ ಮಕ್ಕಳು ನಗುತ್ತಾರೆ. ಜರ್ಮನಿಯ ಮೈಸೆನ್ ಎಂಬ ಊರಿನ ಪಿಂಗಾಣಿಯ ಕಥೆಯನ್ನೇ ನೋಡೋಣ.

ಯುರೋಪಿನ ಶ್ರೀಮಂತರು ಚಹಾ ಕುಡಿಯಲು ಕಲಿತಾಗ ಅದಕ್ಕೆ ತಕ್ಕ ಪಿಂಗಾಣಿ ಬಟ್ಟಲು ಚೀನಾ, ಜಪಾನುಗಳಿಂದಲೇ ಬರಬೇಕಿತ್ತು. ತೆಳ್ಳಗೆ, ಬೆಳ್ಳಗೆ ಇದ್ದೂ ಗಟ್ಟಿಯಾಗಿದ್ದ ಆ ಪಾತ್ರೆಯ ಗುಟ್ಟು ಯುರೋಪಿನವರಿಗೆ ತಿಳಿದಿರಲಿಲ್ಲ. ಸ್ಯಾಕ್ಸನಿಯ ದೊರೆ ಅಗಸ್ಟಸ್‌ಗೆ ಅದರ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯದ ದೊರೆಗೆ ಕೊಟ್ಟು 151 ಚೀನೀ ಪಾತ್ರೆಗಳನ್ನು ಪಡೆದ.

ಅಷ್ಟರಲ್ಲಿ ಗುಟ್ಟು ಅವನ ಕೈಗೂ ಸಿಕ್ಕಿತ್ತು. ಚಿನ್ನ ಮಾಡಬಲ್ಲೆ ಎಂದು ಹೇಳಿಕೊಂಡಿದ್ದ ಬೋಟ್‌ಗರ್ ಎಂಬ ತರುಣ 1701ರಲ್ಲಿ ಪ್ರಷ್ಯದಿಂದ ಓಡಿಬಂದಾಗ ಅಗಸ್ಟಸ್ ಅವನನ್ನು ಸೆರೆಯಲ್ಲಿಟ್ಟ. ಚಿನ್ನ ಬರಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸರ ಜೊತೆ ದುಡಿದು 1708ರ ಹೊತ್ತಿಗೆ ಪಿಂಗಾಣಿ ಬಂತು. 1710ರಲ್ಲಿ ಮೈಸೆನ್ ಕೋಟೆಯಲ್ಲೇ ಕಾರ್ಖಾನೆ ಶುರುವಾಯಿತು. ಬೋಟ್‌ಗರ್ ಬಿಡುಗಡೆಯಾದದ್ದು 1714ರಲ್ಲಿ. ಐದೇ ವರ್ಷಕ್ಕೆ, 37ನೇ ವಯಸ್ಸಿನಲ್ಲಿ ತೀರಿಕೊಂಡ.

1720ರಲ್ಲಿ ಬಂದ ಹೆರೋಲ್ಟ್ ಎಂಬ ಕಲಾವಿದ ಹೊಸ ಹೊಸ ಬಣ್ಣಗಳನ್ನು ತಯಾರಿಸಿ, ಬಟ್ಟಲುಗಳ ಮೇಲೆ ತಾನು ಕಾಣದ ಚೀನಾದ ಕಾಲ್ಪನಿಕ ದೃಶ್ಯಗಳನ್ನು ಬಿಡಿಸಿದ. ಆ ದಶಕದಿಂದ ತಳದಲ್ಲಿ ನೀಲಿ ಬಣ್ಣದ ಜೋಡು ಕತ್ತಿಯ ಗುರುತು ಬಂತು. ಇಂದು ಸಂಗ್ರಾಹಕರು ಮೊದಲು ನೋಡುವುದು ಅದನ್ನೇ. ಆದರೆ ಆ ಗುರುತನ್ನು ನಕಲು ಮಾಡಿದವರು ಬಹಳ. ಕತ್ತಿಯ ಮೇಲೆ ಅಡ್ಡ ಗೀರು ಇದ್ದರೆ ಅದು ಕಾರ್ಖಾನೆ ಎರಡನೇ ದರ್ಜೆಯೆಂದು ಮಾರಿದ್ದು, ಇಲ್ಲವೇ ಚಿತ್ರ ಬರೆಯದೆ ಬಿಳಿಯದಾಗಿಯೇ ಮಾರಿದ್ದು ಇರಬಹುದು. ಬಣ್ಣ, ಕುಂಚದ ಕೆಲಸ, ಮಣ್ಣು ಎಲ್ಲವನ್ನೂ ಸೇರಿಸಿ ನೋಡಬೇಕು.

ಇಷ್ಟೆಲ್ಲ ನೋಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಬರ್ಲಿನ್ನಿನ ಯಹೂದಿ ದಂಪತಿ ಫ್ರಾನ್ಜ್ ಮತ್ತು ಮಾರ್ಗರೆಟೆ ಒಪ್ಪೆನ್‌ಹೈಮರ್ ಮೈಸೆನ್ ಪಿಂಗಾಣಿಯ ದೊಡ್ಡ ಸಂಗ್ರಹ ಮಾಡಿದ್ದರು. ವೆನಿಸ್ಸಿನ ಮೊರೊಸಿನಿ ಮನೆತನದ ಲಾಂಛನ ಬರೆದ ಚಹಾ-ಕಾಫಿ ಸೆಟ್ಟೂ ಅದರಲ್ಲಿತ್ತು. ನಾಜಿಗಳ ಕಾಟಕ್ಕೆ 1936ರಲ್ಲಿ ವಿಯೆನ್ನಾಕ್ಕೆ, 1938ರಲ್ಲಿ ಅಲ್ಲಿಂದಲೂ ಓಡಬೇಕಾಯಿತು. ಸಂಗ್ರಹದ ಬಹುಭಾಗ ಆಮ್‌ಸ್ಟರ್‌ಡಾಮಿನ ಒಬ್ಬ ಬ್ಯಾಂಕರಿನ ಕೈಸೇರಿ, ಅವನ ಮರಣಾನಂತರ ಹಿಟ್ಲರನ ಮ್ಯೂಸಿಯಂ ಯೋಜನೆಗೆ ಹೋಯಿತು. ಯುದ್ಧದ ನಂತರ ನೆದರ್ಲೆಂಡ್ಸ್‌ಗೆ ಮರಳಿ ಅಲ್ಲಿನ ಮ್ಯೂಸಿಯಂಗಳಲ್ಲಿ ದಶಕಗಳ ಕಾಲ ಉಳಿಯಿತು. ಕೊನೆಗೆ ನೂರಕ್ಕೂ ಹೆಚ್ಚು ವಸ್ತುಗಳನ್ನು ವಾರಸುದಾರರಿಗೆ ಹಿಂದಿರುಗಿಸಲಾಯಿತು. 2021ರ ಸೆಪ್ಟೆಂಬರಿನಲ್ಲಿ ಅವು ನ್ಯೂಯಾರ್ಕಿನಲ್ಲಿ ಹರಾಜಾದಾಗ ಅರ್ಧಕ್ಕಿಂತ ಹೆಚ್ಚನ್ನು ಕೊಂಡದ್ದು ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂ. ಈ ಬಾರಿ ನಿಜವಾದ ಒಡೆಯರಿಗೆ ಹಣ ಕೊಟ್ಟು.

ಬಟ್ಟಲಿನ ತಳದ ಗುರುತು ಅದನ್ನು ಯಾರು ಮಾಡಿದರೆಂದು ಹೇಳೀತು. ಯಾರ ಮನೆಯಿಂದ, ಹೇಗೆ ಹೊರಬಿತ್ತೆಂದು ಹೇಳಲಾರದು. ಹಳೆಯ ವಸ್ತುವನ್ನು ಕೊಳ್ಳುವವರು ಅದರ ಅಂದದ ಜೊತೆಗೆ ಅದು ಕೈ ಬದಲಿಸಿದ ಲೆಕ್ಕವನ್ನೂ ಕೇಳಬೇಕು. ಚರಿತ್ರೆ ಕಲಿಯುವ, ಕಲಿಸುವ ನಾವೂ ಅಷ್ಟೇ.